ಮೌಸ್ ಬಳಸಲು ಅನುಮತಿ ಕೋರಿ

ಜನವರಿ ೧೧

ನನ್ನ ತಂಗಿಯ ಮಗಳೂ, ಮನೆಯಲ್ಲಿ ಮಿಡತೆಯೆಂದು ಕರೆಯಲ್ಪಡುವವಳೂ, ಸದ್ಯ ದೂರದ ಆಸ್ಪತ್ರೆಯಲ್ಲಿ ರೋಗಿಗಳ ಕೈಬೆರಳುಗಳಿಗೆ ಚಲನೆ ಕಲಿಸುವ ಉದ್ಯೋಗದಲ್ಲಿರುವವಳೂ ಆದ ನಿನಗೆ ದೊಡ್ಡಮ್ಮ ತಿಳಿಯಪಡಿಸುವುದೇನೆಂದರೆ:

ಮನೆಯಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ತಾಯಿ ನನ್ನ ಹೊಸ ತೊಂದರೆಯನ್ನು ಫೋನಿನಲ್ಲಿ ಉಪ್ಪುಖಾರ ಹಚ್ಚಿ ಈಗಾಗಲೇ ಹೇಳಿರಬಹುದು. ಬಾಯಿಮಾತಿಗೆ ದಾಖಲೆಯಿಲ್ಲವಾದ್ದರಿಂದ, ನಿಜಸ್ಥಿತಿಯನ್ನು ಬರವಣಿಗೆಯಲ್ಲಿ ನಿನ್ನ ಮುಂದಿಡುತ್ತಿದ್ದೇನೆ.

ದಾಖಲೆ ಕಚೇರಿಯ ಹಜಾರದಲ್ಲಿ ನನ್ನ ಮೇಜೂ ಟೈಪ್‌ರೈಟರೂ ಇರುವುದನ್ನು ನೀನು ಬಲ್ಲೆ. ಮೊದಲು ಒಳಗೆ ನಕಲು ವಿಭಾಗದಲ್ಲಿ ಇತರರ ಅರ್ಜಿಗಳನ್ನು ನಕಲು ಮಾಡುತ್ತ, ನಿವೃತ್ತಿಯ ನಂತರ ಹೊರಗೆ ಅರ್ಜಿಗಳನ್ನು ಬರೆದುಕೊಡುತ್ತ, ಆ ಕಟ್ಟಡದಲ್ಲೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಈಗ ಹೊಸ ಸುತ್ತೋಲೆ ಬಂದಿದೆ. ಏಪ್ರಿಲ್ ನಂತರ ಕಾಗದದ ಅರ್ಜಿಗಳನ್ನು ತೆಗೆದುಕೊಳ್ಳುವುದಿಲ್ಲ. ಹಜಾರದಲ್ಲಿ ಕೂರುವ ಬರಹಗಾರರೆಲ್ಲ ಟ್ಯಾಬ್ ಎಂಬ ಗಾಜಿನ ಹಲಗೆಯ ಮೇಲೆ ಅರ್ಜಿ ಸಿದ್ಧಪಡಿಸುವುದನ್ನು ಕಲಿತು, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆಗದವರು ಮೇಜು ತೆರವು ಮಾಡಬೇಕು. ಅಭ್ಯಾಸಕ್ಕೆಂದು ಒಬ್ಬೊಬ್ಬರಿಗೂ ಒಂದೊಂದು ಹಲಗೆಯನ್ನು ಕಚೇರಿಯವರೇ ಕೊಟ್ಟಿದ್ದಾರೆ.

ಕಲಿಯುವುದಕ್ಕೆ ನಾನು ಹಿಂಜರಿಯುವವಳಲ್ಲ. ಆದರೆ ಸದರಿ ಹಲಗೆಗೆ ನನ್ನ ಬೆರಳಿನ ಗುರುತು ಹತ್ತುತ್ತಿಲ್ಲ. ಮೆಲ್ಲಗೆ ಮುಟ್ಟಿದೆ, ಒತ್ತಿ ಮುಟ್ಟಿದೆ, ಸವರಿದೆ, ಕುಟ್ಟಿದೆ. ಕಲ್ಲಿನಂತೆ ಕುಳಿತಿತು. ನಿನ್ನ ತಾಯಿ ಮನೆಮುಂದಿನ ತನ್ನ ನೂಲು-ಗುಂಡಿಯ ಅಂಗಡಿಯಿಂದ ಎದ್ದು ಬಂದು, ನೂಲಿನ ಉಂಡೆ ಹಿಡಿದ ಕೈಯಲ್ಲೇ ಕಿರುಬೆರಳನ್ನು ತಾಗಿಸಿದಳು. ಒಡನೆಯೇ ಹಲಗೆ ಬೆಳಗಿ, ಬಾಗಿಲು ತೆರೆದು, ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿತು.

"ನೋಡಕ್ಕಾ, ಒಳ್ಳೇ ಮಾತಿಗೆ ಹೇಗೆ ಬಗ್ಗುತ್ತೆ! ನೀನು ಅದರ ಮೇಲೂ ಅಧಿಕಾರ ಚಲಾಯಿಸ್ತೀಯ," ಎಂದಳು.

"ನಾನು ಮುಟ್ಟಿದ್ದೇ ಅದಕ್ಕೆ ಗೊತ್ತಾಗುತ್ತಿಲ್ಲ, ಅಧಿಕಾರದ ಮಾತೆಲ್ಲಿ ಬಂತು?" ಎಂದೆ.

"ಹಾಗಾದ್ರೆ ನೀನು ಇದ್ದೀಯೋ ಇಲ್ಲವೋ ಅಂತ ಅದಕ್ಕೂ ಅನುಮಾನ ಬಂದಿದೆ," ಎಂದು ನಗುತ್ತ ಅಂಗಡಿಗೆ ಹೋದಳು.

ಅವಳು ತಮಾಷೆಗೆ ಹೇಳಿದ್ದೆಂದು ನನಗೆ ಗೊತ್ತು. ಆದರೂ ಆ ಮಾತು ಮನಸ್ಸಿನಲ್ಲಿ ಕುಳಿತಿದೆ. ಮೇಜನ್ನು ಮನೆಗೆ ತರುವುದಾದರೆ ಎಲ್ಲಿ ಹಾಕುವುದೆಂದು ಅಳತೆ ನೋಡಿಟ್ಟಿದ್ದೇನೆ. ಇದು ಕೇವಲ ನಿನ್ನ ಅವಗಾಹನೆಗಾಗಿ. ಉತ್ತರ ಬೇಕೆಂದೇನೂ ಇಲ್ಲ.

ನಿನ್ನ ಹಿತವನ್ನೇ ಸದಾ ಬಯಸುವ,
ದೊಡ್ಡಮ್ಮ


ಜನವರಿ ೧೯

ದೊಡ್ಡಮ್ಮಾ,

ಉತ್ತರ ಬೇಕಿಲ್ಲ ಅಂತ ಬರೆದವರಿಗೆ ಮೊದಲು ಉತ್ತರ ಬರೀಬೇಕು ಅನ್ನೋದನ್ನ ನಿನ್ನ ಮೇಜಿನ ಕೆಳಗೆ ಕೂತು ಬೆಳೆದವಳಿಗೆ ಹೇಳಿಕೊಡಬೇಕಾ? ಮೇಜಿನ ಅಳತೆ ತೆಗೆದದ್ದನ್ನ ಓದಿ ನನಗೆ ಊಟ ಸೇರಲಿಲ್ಲ. ಟೇಪು ಒಳಗಿಡು.

ನೀನು ಇದ್ದೀಯ. ಚೆನ್ನಾಗೇ ಇದ್ದೀಯ. ಆ ಗಾಜಿಗೆ ಬೇಕಾಗಿರೋದು ಮೆತ್ತಗಿನ, ಸ್ವಲ್ಪ ತೇವ ಇರೋ ಚರ್ಮ. ನಿನ್ನ ಬೆರಳ ತುದಿ ಟೈಪ್‌ರೈಟರ್ ಕುಟ್ಟಿ ಕುಟ್ಟಿ ಒಣಗಿ ಗಟ್ಟಿಯಾಗಿದೆ. ನನ್ನ ವಾರ್ಡಿನಲ್ಲಿ ಒಬ್ಬರು ಬೇಕರಿಯವರಿದ್ದಾರೆ, ಒಲೆ ಬಾಗಿಲು ಹಿಡಿದು ಹಿಡಿದು ಬೆರಳೆಲ್ಲ ಕೊರಡಾಗಿವೆ. ಅವರನ್ನೂ ಟ್ಯಾಬ್ ಗುರುತು ಹಿಡಿಯಲ್ಲ. ಅವರು ಏನು ಮಾಡ್ತಾರೆ ಗೊತ್ತಾ? ಟ್ಯಾಬಿಗೆ ಮೌಸು, ಕೀಬೋರ್ಡು ಹಾಕಿಕೊಂಡಿದ್ದಾರೆ! ಮೊಮ್ಮಗಳ ಜೊತೆ ದಿನಾ ಚದುರಂಗ ಆಡಿ ದಿನಾ ಸೋಲ್ತಾರೆ.

ಅದರೊಳಗಿನ ಆಪರೇಟಿಂಗ್ ಸಿಸ್ಟಂ ಬೆರಳಿಗೆ ಅಂತಲೇ ಮಾಡಿದ್ದು ನಿಜ. ಹಾಗಂತ ಬೇರೆಯವರಿಗೆ ಬಾಗಿಲು ಮುಚ್ಚಿಲ್ಲ. ನಿನಗೆ ಕೀಲಿಗಳು ಬೇಕು, ಒತ್ತಿದರೆ ಒತ್ತಿದ ಹಾಗಾಗಬೇಕು, ಅಷ್ಟೇ ತಾನೇ? ಎರಡೂ ಪಾರ್ಸೆಲ್ ಮಾಡಿದ್ದೀನಿ, ತಂತಿ ಇಲ್ಲದವು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದು ಬೇಕರಿಯವರೇ. ಸೊಟ್ಟಗಿದ್ದರೆ ಬೈಬೇಡ, ಅವರಿಗೆ ಅದೇ ಆ ದಿನದ ವ್ಯಾಯಾಮ.

ಮೊದಲ ಸಲ ಜೋಡಿಸೋದಕ್ಕೆ ಮಾತ್ರ ಅಮ್ಮನ ಬೆರಳು ಬೇಕಾಗುತ್ತೆ. ಜಗಳ ಆಡದೆ ಕೇಳು.

ನಿನ್ನ ಮೇಜಿನ ಕೆಳಗಿನವಳು,
ಮಿಡತೆ


ಫೆಬ್ರವರಿ ೨

ಪ್ರೀತಿಯ ಮಿಡತೆಗೆ,

ನೀನು ಕಳುಹಿಸಿದ ಪಾರ್ಸೆಲ್ಲು ಸುಸ್ಥಿತಿಯಲ್ಲಿ ತಲುಪಿದೆಯೆಂದು ಈ ಮೂಲಕ ದೃಢೀಕರಿಸುತ್ತೇನೆ. ಅಕ್ಷರದ ಚೀಟಿಗಳು ಸೊಟ್ಟಗಿವೆ. ಬೇಕರಿಯವರಿಗೆ ನನ್ನ ವಂದನೆ ತಿಳಿಸು, ಸೊಟ್ಟಗಿರುವ ಸಂಗತಿಯನ್ನು ತಿಳಿಸಬೇಡ.

ಹಲಗೆಯು ಹೊಸ ಉಪಕರಣವನ್ನು ಕಂಡು "ಜೋಡಿಸಬಹುದೇ?" ಎಂದು ಒಪ್ಪಿಗೆ ಕೇಳಿತು. ನಿನ್ನ ತಾಯಿ ಬೆರಳು ಚಾಚುತ್ತ, "ಅಕ್ಕಾ, ನಿನಗಂತೂ ಜೋಡಿ ಹುಡುಕೋಕೆ ಯಾರ ಕೈಲೂ ಆಗಲಿಲ್ಲ. ಈ ಇಲಿಗಾದರೂ ಆಗಲಿ," ಎಂದಳು. ನಾನು ಉತ್ತರಿಸಲಿಲ್ಲ. ಉತ್ತರಿಸಿದ್ದರೆ ಅವಳು ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಸದರಿ ಮೌಸಿನ ನಡವಳಿಕೆಯನ್ನು ಕುರಿತು ನನ್ನ ತಕರಾರುಗಳು ಹೀಗಿವೆ. ಕಚೇರಿಯ ಒಳಗಿನ ಕಂಪ್ಯೂಟರುಗಳಲ್ಲಿ ಮೌಸ್ ಅಲ್ಲಾಡಿಸಿದರೆ ಬಾಣವೊಂದು ಓಡಾಡುತ್ತದೆ. ಇಲ್ಲಿ ಬಾಣವಿಲ್ಲ, ಕಾಸಿನಗಲದ ಬೂದುಬಣ್ಣದ ಚುಕ್ಕೆಯೊಂದು ಮಾತ್ರ ಇದೆ. ಅದು ಗುಂಡಿಯ ಹತ್ತಿರ ಹೋದೊಡನೆ ಕರಗಿ ಗುಂಡಿಯಲ್ಲೇ ಸೇರಿಹೋಗುತ್ತದೆ. ಎಲ್ಲಿ ಹೋಯಿತೆಂದು ನಾನು ಹುಡುಕುತ್ತ ಕೂರಬೇಕು. ಚುಕ್ಕೆಯನ್ನು ಕೆಳಗಿನ ಅಂಚಿಗೆ ಒಯ್ದರೆ ಕರೆಯದೇ ಇರುವ ಪಟ್ಟಿಯೊಂದು ಎದ್ದುಬರುತ್ತದೆ. ಮೂಲೆಗೆ ತಾಗಿದರೆ ನಾನು ಬರೆದದ್ದೆಲ್ಲ ಮಾಯವಾಗಿ ಬೇರೆ ಪುಟ ತೆರೆಯುತ್ತದೆ. ಮೌಸಿನ ಚಕ್ರವನ್ನು ಕೆಳಗೆ ತಿರುಗಿಸಿದರೆ ಪುಟ ಮೇಲಕ್ಕೆ ಹೋಗುತ್ತದೆ. ನನ್ನಂತೆ ಹೊರಗಿನಿಂದ ಬಂದವರು ಈ ಮನೆಯಲ್ಲಿ ಎಲ್ಲಿ ಕೂರಬೇಕೆಂದು ಯಾರೂ ಯೋಚಿಸಿದಂತಿಲ್ಲ.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಕೀಬೋರ್ಡ್ ಜೋಡಿಸಿದೊಡನೆ, ಗಾಜಿನ ಅರ್ಧಭಾಗವನ್ನು ನುಂಗಿ ಕುಳಿತಿದ್ದ ಚಿತ್ರದ ಅಕ್ಷರಗಳು ತಾವಾಗಿ ಎದ್ದುಹೋಗಿ ಜಾಗ ಬಿಟ್ಟುಕೊಟ್ಟವು. ನಾನು ಮೊದಲ ಕೀಲಿ ಒತ್ತಿದೆ. ಗಾಜಿನ ಮೇಲೆ 'ಅ' ಮೂಡಿತು. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ನಿನ್ನ ತಾಯಿ ಅಂಗಡಿಯಿಂದಲೇ, "ಏನಾಯ್ತೇ? ಸದ್ದೇ ಇಲ್ಲ!" ಎಂದು ಕೂಗಿದಳು. ಏನೂ ಆಗಲಿಲ್ಲವೆಂದೆ.

ನಿನ್ನ ಪಾರ್ಸೆಲ್ಲಿನ ಪೆಟ್ಟಿಗೆಯನ್ನು ಹಿಂದಿರುಗಿಸಬೇಕೇ ಎಂಬುದನ್ನು ತಿಳಿಸು. ಬಂದಾಗ ತೆಗೆದುಕೊಂಡು ಹೋಗಬಹುದು. ಯಾವಾಗ ಬರುವೆಯೆಂದು ನಾನು ಕೇಳುತ್ತಿಲ್ಲ.

ಪೆಟ್ಟಿಗೆಯನ್ನು ಜೋಪಾನವಾಗಿಟ್ಟಿರುವ,
ದೊಡ್ಡಮ್ಮ


ಫೆಬ್ರವರಿ ೧೦

ದೊಡ್ಡಮ್ಮಾ,

ತಕರಾರು ಅರ್ಜಿ ತಲುಪಿತು. ತೀರ್ಪು ಇಲ್ಲಿದೆ. ಆ ಚುಕ್ಕೆ ನಿನ್ನ ಬೆರಳ ತುದಿ ಅಂದ್ಕೋ. ಬೆರಳಿಗೆ ಬಾಣದ ಮೊನೆ ಇರಲ್ವಲ್ಲ, ಅದಕ್ಕೇ ದುಂಡಗಿದೆ. ಆ ಸಿಸ್ಟಮ್ಮಿಗೆ ಬೆರಳು ಬಿಟ್ಟು ಬೇರೆ ಭಾಷೆ ಬರಲ್ಲ, ಮೌಸ್ ಹೇಳಿದ್ದನ್ನೆಲ್ಲ ಬೆರಳಿನ ಭಾಷೆಗೆ ತಿರುಗಿಸಿಕೊಂಡು ಕೇಳಿಸಿಕೊಳ್ಳುತ್ತೆ. ಬೇರೆಯವರು ಒತ್ತಿ ಹಿಡಿದು ಕಾಯೋ ಕಡೆಯಲ್ಲಿ ನೀನು ಮೌಸಿನ ಬಲಗುಂಡಿ ಒತ್ತು, ಅಷ್ಟು ಸಾಕು. ಏನಾದರೂ ಮಾಯವಾದರೆ ಹೆದರಬೇಡ. ಎಲ್ಲೂ ಹೋಗಿರಲ್ಲ, ಹಿಂದಿನ ಪುಟದಲ್ಲಿ ಕೂತಿರುತ್ತೆ. ಮೂಲೆ, ಚಕ್ರ ಎರಡನ್ನೂ ಸರಿ ಮಾಡೋದು ಹೇಗೆ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೀನಿ.

ಮೌಸಿನಲ್ಲಿ ನಿನಗೆ ಒಂದು ಲಾಭ ಇದೆ. ಎರಡು ಅಕ್ಷರದ ನಡುವೆ ಹೋಗಿ ನಿಲ್ಲಬೇಕಾದರೆ ಬೆರಳಿನವರು ಹತ್ತು ಸಲ ತಪ್ಪಿ ಒತ್ತುತ್ತಾರೆ. ನೀನು ಒಂದೇ ಸಲಕ್ಕೆ ನಿಲ್ಲಬಹುದು.

'ಅ' ನೋಡುತ್ತ ಕೂತಿದ್ದೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನ ಬೇಕರಿಯವರಿಗೆ ಓದಿ ಹೇಳಿದೆ. ಅವರು ತಮ್ಮ ಬೆರಳುಗಳನ್ನ ತಿರುಗಿಸಿ ನೋಡಿಕೊಂಡರು. ಆಮೇಲೆ, "ಅಕ್ಷರ ಸೊಟ್ಟಗಿತ್ತಾ?" ಅಂತ ಕೇಳಿದ್ರು. ಇಲ್ಲ ಅಂದೆ.

ಪೆಟ್ಟಿಗೆ ಅಲ್ಲೇ ಇರಲಿ. ಬರ್ತೀನಿ.

ತೀರ್ಪು ಕೊಟ್ಟು ದಣಿದ,
ಮಿಡತೆ


ಫೆಬ್ರವರಿ ೧೯

ಪ್ರೀತಿಯ ಮಿಡತೆಗೆ,

ಹಲಗೆಯ ಮೇಲೆ ನಾನು ಬರೆದು, ನಕಲಿನ ಅಂಗಡಿಯಲ್ಲಿ ಅಚ್ಚು ತೆಗೆಸಿದ ಮೊದಲನೆಯ ಪತ್ರವಿದು. ಈಗ ನಾನು ಯಾರ ನೆರವೂ ಇಲ್ಲದೆ ಅಜ್ರಿ ಬರೆಯಲು ಸಮಥ್ರಳಾಗಿದ್ದೇನೆ. ಪರೀಕ್ಷೆಗೆ ಪೂತ್ರಿ ಸಿದ್ಧಳಾಗಿ, ಕತ್ರವ್ಯದಲ್ಲಿ ಲೋಪವಾಗದಂತೆ ನಡೆದು, ಅಜ್ರಿದಾರರ ಮುಂದೆ ನನ್ನ ಮಯ್ರಾದೆಯನ್ನು

(ಇಲ್ಲಿಂದ ಮುಂದಕ್ಕೆ ಕೈಬರಹ.)

ಮೇಲ್ಕಂಡ ಸಾಲುಗಳನ್ನು ಓದಿ ನೋಡು. ಹರಿದುಹಾಕಲು ಹೊರಟಿದ್ದೆ, ಪುರಾವೆ ಇರಲೆಂದು ಉಳಿಸಿಕೊಂಡೆ. ಒಂದು ಜೀವಮಾನವಿಡೀ ಬರೆದ ಪದ ನನ್ನ ಕೈಯಲ್ಲಿ ಅಜ್ರಿಯಾಗಿ ಕೂತಿದೆ. ಟೈಪ್‌ರೈಟರಿನಲ್ಲಿ ಹೇಗೆ ಒತ್ತುತ್ತಿದ್ದೆನೋ ಹಾಗೆಯೇ ಒತ್ತಿದ್ದೇನೆ. ಮೊದಲು 'ಜ', ಆಮೇಲೆ ಅದರ ಪಕ್ಕಕ್ಕೆ ಅರ್ಕಾವತ್ತು. ಯಂತ್ರ ಅದನ್ನು ತೆಗೆದುಕೊಂಡು ಹೋಗಿ ಅಕ್ಷರದ ಕಾಲಿಗೆ ಕಟ್ಟುತ್ತಿದೆ.

ನಿನ್ನ ತಾಯಿ ಈ ಹಾಳೆಯನ್ನು ನೋಡಿದಳು. ನಿನ್ನೆಯಿಂದ ಅಂಗಡಿಗೆ ಬಂದವರ ಎದುರಿಗೆಲ್ಲ, "ನಮ್ಮಕ್ಕನ ಮಯ್ರಾದೆ ನೋಡಿ, ಮಯ್ರಾದೆ," ಎನ್ನುತ್ತಿದ್ದಾಳೆ. ಗುಂಡಿ ಕೊಳ್ಳಲು ಬಂದವರೊಬ್ಬರು ಅದು ಹೊಸ ಬಗೆಯ ಗುಂಡಿಯೆಂದು ತಿಳಿದು, ಎಷ್ಟು ಬಣ್ಣದಲ್ಲಿದೆಯೆಂದು ಕೇಳಿದರು.

ನಾನು ನಕ್ಕೆ. ಅವಳು ಒಳಗೆ ಹೋದ ಮೇಲೆ ನಗಲಿಲ್ಲ.

ದೊಡ್ಡಮ್ಮ


ಫೆಬ್ರವರಿ ೨೬

ದೊಡ್ಡಮ್ಮಾ,

ಆ ಹಾಳೆಯನ್ನ ವಾರ್ಡಿನ ಗೋಡೆಗೆ ಅಂಟಿಸಬೇಕು ಅನ್ನಿಸಿತು, ನಿನ್ನ ಮೇಲಿನ ಭಯಕ್ಕೆ ಬಿಟ್ಟೆ. ಇದು ನಿನ್ನ ತಪ್ಪಲ್ಲ. ಟೈಪ್‌ರೈಟರ್ ಕಣ್ಣಿಗೆ ಕಾಣೋ ಕ್ರಮದಲ್ಲಿ ಬರೆಯುತ್ತೆ, ಟ್ಯಾಬ್ ಬಾಯಲ್ಲಿ ಹೇಳೋ ಕ್ರಮದಲ್ಲಿ ಬರೆಯುತ್ತೆ. 'ಅರ್ಜಿ' ಅಂತ ಜೋರಾಗಿ ಹೇಳಿ ನೋಡು. ನಾಲಿಗೆ ಮೊದಲು 'ರ್' ಅನ್ನುತ್ತೆ, ಆಮೇಲೆ 'ಜಿ'. ಅದೇ ಕ್ರಮದಲ್ಲಿ ಒತ್ತು. ಮೊದಲು ರ, ಅದನ್ನು ಅರ್ಧ ಮಾಡೋ ಕೀಲಿ, ಆಮೇಲೆ ಜ. ಅರ್ಕಾವತ್ತು ತಾನಾಗೇ ಎದ್ದು ಪಕ್ಕಕ್ಕೆ ಹೋಗಿ ಕೂರುತ್ತೆ.

ಕಣ್ಣನ್ನ ನಂಬಬೇಡ, ಕಿವಿಯನ್ನ ನಂಬು. ಇಷ್ಟು ವರ್ಷ ಜನ ಹೇಳಿದ್ದನ್ನ ಕಿವಿಗೊಟ್ಟು ಕೇಳಿ ಬರೆದುಕೊಟ್ಟವಳು ನೀನು. ನಿನಗೆ ಇದು ಬರದಿದ್ದರೆ ಬೇರೆ ಯಾರಿಗೂ ಬರಲ್ಲ.

ಅಮ್ಮನಿಗೆ ಬೈದಿದ್ದೀನಿ. ಬೈಸಿಕೊಂಡು ನಕ್ಕಳು.

ನಿನ್ನ ಪರ ವಾದಿಸುವ,
ಮಿಡತೆ


ಮಾರ್ಚ್ ೧೨

ಪ್ರೀತಿಯ ಮಿಡತೆಗೆ,

ಈ ಪತ್ರವನ್ನೂ ಹಲಗೆಯ ಮೇಲೆಯೇ ಬರೆದಿದ್ದೇನೆ. ಅರ್ಜಿ, ಅರ್ಜಿದಾರ, ಕರ್ತವ್ಯ, ಸಮರ್ಥ, ಮರ್ಯಾದೆ. ಪರೀಕ್ಷಿಸಿಕೊಳ್ಳಬಹುದು. ಪ್ರತಿ ಪದವನ್ನೂ ಬಾಯಿಬಿಟ್ಟು ಹೇಳುತ್ತ ಒತ್ತಿದ್ದೇನಾದ್ದರಿಂದ, ನಾನು ಯಾರ ಜೊತೆಗೋ ಜಗಳವಾಡುತ್ತಿದ್ದೇನೆಂದು ಪಕ್ಕದ ಮನೆಯವರು ಭಾವಿಸಿದ್ದಾರೆ.

ಆದರೆ ಈ ಪತ್ರದ ಉದ್ದೇಶ ಬೇರೆ. ಪರೀಕ್ಷೆಯ ನಿಯಮಗಳು ಇಂದು ಹಲಗೆಗೆ ಬಂದಿವೆ. ಅದರಲ್ಲೊಂದು ಹೀಗಿದೆ: "ಅಭ್ಯರ್ಥಿಗಳು ಬೆರಳಿನ ಸ್ಪರ್ಶದಿಂದಲೇ ಕೆಲಸ ಮಾಡತಕ್ಕದ್ದು. ಹೊರಗಿನ ಉಪಕರಣ ಬಳಸಬಯಸುವವರು ಕಾರಣ ತಿಳಿಸಿ, ಲಿಖಿತ ಅರ್ಜಿ ಸಲ್ಲಿಸಿ, ಅಧಿಕಾರಿಗಳ ಅನುಮತಿ ಪಡೆಯತಕ್ಕದ್ದು."

ನಾನು ಅರ್ಜಿ ಸಲ್ಲಿಸುವುದಿಲ್ಲ.

ನೀನು ತರ್ಕ ಹೂಡುವೆಯೆಂದು ಗೊತ್ತಿರುವುದರಿಂದ ಮೊದಲೇ ವಿವರಿಸುತ್ತೇನೆ. ಆ ಕಟ್ಟಡದಲ್ಲಿ ನಾನು ನಕಲು ಮಾಡದ ಬೇಡಿಕೆಯಿಲ್ಲ. ಜನ ಹೇಗೆ ಬೇಡುತ್ತಾರೆ, ಬೇಡುವಾಗ ಅವರ ಕುತ್ತಿಗೆ ಎಷ್ಟು ಬಾಗುತ್ತದೆ, ಆ ಬಾಗನ್ನು ಯಾವ ಪದಗಳಲ್ಲಿ ಬರೆಯಬೇಕು, ಇವೆಲ್ಲ ನನಗೆ ಕರಗತ. ಇತರರ ಪರವಾಗಿ ಪಾದಕ್ಕೆರಗಿ ಬರೆದಿದ್ದೇನೆ. ನನಗಾಗಿ ಒಂದು ಸಾಲನ್ನೂ ಬರೆದಿಲ್ಲ. ಬರೆಯಬೇಕಾಗಿ ಬರದಂತೆ ಬಾಳಿದ್ದೇನೆ. ಈಗ ಆ ಕಿಟಕಿಯ ಮುಂದೆ ನಿಂತು, ನನ್ನ ಬೆರಳು ಸತ್ತಿದೆ, ದಯೆ ತೋರಿ ಎಂದು ಬೇಡುವುದಕ್ಕಿಂತ ಮೇಜು ಎತ್ತಿಕೊಂಡು ಬರುವುದೇ ನನಗೆ ಒಪ್ಪಿಗೆ.

ನಿನ್ನ ತಾಯಿಗೂ ಹೇಳಿದೆ. "ಮನೇಲಿ ಕೂತ್ಕೊಂಡು ನನ್ನ ತಲೆ ತಿಂತೀಯ, ಬೇಡ ಮಹಾರಾಯ್ತಿ," ಎಂದಳು. ಆಮೇಲೆ, ಅಂಗಡಿಯ ಬಾಗಿಲು ಹಾಕುತ್ತ, "ನಿಂಗೆ ಅಲ್ಲಿ ಹೋಗದೆ ಇರೋಕಾಗುತ್ತಾ?" ಎಂದು ಕೇಳಿದಳು. ನಾನು ನೂಲಿನ ಉಂಡೆಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸುತ್ತಿದ್ದೆ. ಜೋಡಿಸುವುದನ್ನು ಮುಂದುವರಿಸಿದೆ.

ನಿರ್ಧಾರವನ್ನು ಬದಲಿಸದ,
ದೊಡ್ಡಮ್ಮ


ಮಾರ್ಚ್ ೧೮

ದೊಡ್ಡಮ್ಮಾ,

ನಿನ್ನ ಹತ್ತಿರ ಬಂದು ಅರ್ಜಿ ಬರೆಸಿಕೊಂಡವರನ್ನ ನೀನು ಯಾವತ್ತಾದರೂ ಕೀಳಾಗಿ ನೋಡಿದ್ದೀಯಾ? ಇಲ್ಲ. ನಾನು ಮೇಜಿನ ಕೆಳಗಿಂದ ನೋಡಿದ್ದೀನಿ. ಅವರು ಅತ್ತರೆ ನೀನು ನೀರಿನ ಲೋಟ ಮುಂದಕ್ಕೆ ತಳ್ಳುತ್ತಿದ್ದೆ. ಹಾಗಿದ್ದ ಮೇಲೆ ಆ ಕುರ್ಚಿಯಲ್ಲಿ ನೀನು ಕೂತರೆ ಮಾತ್ರ ಹೇಗೆ ಕೀಳಾಗುತ್ತೆ? ಇದಕ್ಕೆ ಉತ್ತರ ಬರಿ.

ಮಿಡತೆ


ಮಾರ್ಚ್ ೩೦

ದೊಡ್ಡಮ್ಮಾ,

ಉತ್ತರ ಇಲ್ಲ. ಅಮ್ಮ ಫೋನಿನಲ್ಲಿ, "ಅವಳು ಸರಿಯಾಗೇ ಇದ್ದಾಳೆ, ಎಲ್ಲಾ ಪಾತ್ರೆ ತಿಕ್ಕಿ ಇಟ್ಟಿದ್ದಾಳೆ," ಅಂದಳು. ತಿಕ್ಕಿದ ಪಾತ್ರೆಗಳನ್ನೇ ನೀನು ಮತ್ತೆ ತಿಕ್ಕೋದು ಯಾವಾಗ ಅಂತ ನನಗೆ ಗೊತ್ತು.

ನಾನು ಜೋರಾಗಿ ಬರೆದಿದ್ದರೆ ಕ್ಷಮಿಸು. ಅರ್ಜಿ ಹಾಕಬೇಡ, ಹೋಗಲಿ. ಪತ್ರವನ್ನಾದರೂ ಹಾಕು.

ಅಂಚೆಯವರ ದಾರಿ ಕಾಯುತ್ತಿರುವ,
ಮಿಡತೆ


ಏಪ್ರಿಲ್ ೪

ಪ್ರೀತಿಯ ಮಿಡತೆಗೆ,

ನಿನ್ನ ಪ್ರಶ್ನೆಗೆ ಉತ್ತರ ನನ್ನ ಬಳಿ ಇರಲಿಲ್ಲ. ಉತ್ತರವಿಲ್ಲದೆ ಪತ್ರ ಬರೆಯುವ ಅಭ್ಯಾಸವೂ ಇರಲಿಲ್ಲ. ವಿಳಂಬಕ್ಕೆ ಇದೇ ಕಾರಣ.

ನಾನು ಅರ್ಜಿ ಬರೆದೆ. ಟೈಪ್‌ರೈಟರಿನಲ್ಲೇ ಬರೆದೆ. ಒಕ್ಕಣೆಯನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಅಂಥ ಅರ್ಜಿ ಆ ಕಚೇರಿಗೆ ಹಲವು ವರ್ಷಗಳಿಂದ ಬಂದಿರಲಾರದು. "ಸದರಿ ಬರಹಗಾರ್ತಿಯು ವಯೋವೃದ್ಧೆಯೂ, ಬೆರಳಿನ ಸ್ಪರ್ಶಶಕ್ತಿಯನ್ನು ಕಳೆದುಕೊಂಡವಳೂ, ಅನ್ಯ ಆಸರೆಯಿಲ್ಲದವಳೂ ಆಗಿದ್ದು, ಆಕೆಯ ದೀನಸ್ಥಿತಿಯನ್ನು ಪರಾಂಬರಿಸಿ..." ಹೀಗೆ ಎರಡು ಪುಟ. ಅದನ್ನು ಒಯ್ದು ಕೌಂಟರಿನಲ್ಲಿ ಕೊಟ್ಟೆ. ಕೌಂಟರಿನಲ್ಲಿರುವವಳು ನನಗೆ ಪರಿಚಯದ ಹೆಣ್ಣುಮಗಳು, ನಾನು ತಂದುಕೊಟ್ಟ ಅರ್ಜಿಗಳಿಗೆ ದಿನವೂ ಮೊಹರು ಹಾಕುವವಳು. ಓದಿದಳು. ಕಣ್ಣು ಒರೆಸಿಕೊಂಡಳು.

"ಪಾಪ ಅಮ್ಮಾ, ಯಾರಿದು? ಕರ್ಕೊಂಡು ಬಂದಿದ್ದೀರಾ?"

"ಇಲ್ಲೇ ಇದ್ದಾರೆ," ಎಂದೆ.

ಅವಳು ನನ್ನ ಹೆಗಲ ಮೇಲಿಂದ ಹಿಂದೆ ನೋಡಿದಳು. "ಎಲ್ಲಿ? ನಡೆಯೋಕಾಗಲ್ವಾ ಅವರಿಗೆ?"

"ನಡೆಯುತ್ತಾರೆ. ನಿನ್ನ ಎದುರಿಗೇ ಇದ್ದಾರೆ."

ಅವಳಿಗೆ ಅರ್ಥವಾಗಲಿಲ್ಲ. ಹಾಳೆಯನ್ನು ತಿರುಗಿಸಿ ನನಗೆ ತೋರಿಸಿದಳು. ಅರ್ಜಿದಾರರ ಹೆಸರು ಬರೆಯುವ ಜಾಗ ಖಾಲಿಯಾಗಿತ್ತು. ನನ್ನ ರುಜು ಪುಟದ ಕೆಳಗೆ, "ಬರೆದುಕೊಟ್ಟವರು" ಎಂಬಲ್ಲಿ, ಎಂದಿನಂತೆ ಸ್ವಚ್ಛವಾಗಿ ಇತ್ತು. ಕೈ ತನ್ನ ಪಾಡಿಗೆ ತಾನು ಅಲ್ಲಿಗೇ ಹೋಗಿತ್ತು.

"ನಿಮ್ಮ ಕೈಯಲ್ಲೂ ಹೀಗಾಗುತ್ತಾ ಅಮ್ಮಾ!" ಎಂದು ನಕ್ಕು, ಅಂಚಿನಲ್ಲಿ "ಅರ್ಜಿದಾರರು ಗೈರುಹಾಜರು" ಎಂದು ಷರಾ ಬರೆದು ಹಿಂದಿರುಗಿಸಿದಳು. ಹಿಂದೆ ಸಾಲು ಬೆಳೆದಿತ್ತು. ಅದು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಾಳೆ ಹಿಡಿದು ಮನೆಗೆ ಬಂದೆ.

ಅದರ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಅರ್ಜಿ ಕೊಡಲು ಈ ತಿಂಗಳ ಹದಿನೈದು ಕೊನೆಯ ದಿನ.

ದೊಡ್ಡಮ್ಮ


ಏಪ್ರಿಲ್ ೯

ದೊಡ್ಡಮ್ಮಾ,

ನಕಲು ಓದಿದೆ. ತುಂಬ ಚೆನ್ನಾಗಿದೆ. ಆದರೆ ಅದರಲ್ಲಿರೋ ಮುದುಕಿ ಯಾರು? ನನಗೆ ಪರಿಚಯ ಇಲ್ಲ. ಆಸರೆ ಇಲ್ಲದವಳಂತೆ! ಅಮ್ಮ ಇದನ್ನ ಓದಿದರೆ ನಿನ್ನನ್ನ ಬಿಡ್ತಾಳಾ? ದೀನಸ್ಥಿತಿಯಂತೆ! ನಿನ್ನ ದೀನಸ್ಥಿತಿಗೆ ಇಡೀ ಹಜಾರ ಹೆದರಿಕೊಂಡು ಸಾಲಾಗಿ ನಿಲ್ಲುತ್ತೆ. ಕೌಂಟರಿನವರು ಸರಿಯಾಗೇ ಬರೆದಿದ್ದಾರೆ. ಆ ಎರಡು ಪುಟದಲ್ಲಿ ನೀನು ಎಲ್ಲೂ ಇಲ್ಲ.

ಜನ ನಿನ್ನ ಮುಂದೆ ಕೂತಾಗ ನೀನು ಮೊದಲು ಒಂದು ಮಾತು ಕೇಳುತ್ತಿದ್ದೆ, "ಏನು ಬೇಕು, ಯಾಕೆ ಬೇಕು, ಎರಡೇ ಹೇಳಿ," ಅಂತ. ಈಗ ನಾನು ಕೇಳ್ತೀನಿ. ಏನು ಬೇಕು ಅಂತ ಗೊತ್ತಾಯ್ತು. ನಿಜವಾಗಿ ಯಾಕೆ ಬೇಕು?

ನನಗೆ ಹೇಳೋದು ಬೇಡ. ಅಲ್ಲಿ ಬರಿ.

ಈ ಸಲ ಮೇಜಿನ ಈಚೆ ಕಡೆ ಕೂತಿರುವ,
ಮಿಡತೆ


ಏಪ್ರಿಲ್ ೨೯

ಪ್ರೀತಿಯ ಮಿಡತೆಗೆ,

ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ಮೇಜು ಎಲ್ಲಿತ್ತೋ ಅಲ್ಲಿಯೇ ಇದೆ. ಫಲಿತಾಂಶವನ್ನು ಕೊನೆಯಲ್ಲಿ ಹೇಳುವುದು ಪದ್ಧತಿಯಾದರೂ, ನೀನು ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಓದುವವಳೆಂದು ತಿಳಿದು ಮೊದಲೇ ಬರೆದಿದ್ದೇನೆ. ಈಗ ನಿಧಾನವಾಗಿ ಕುಳಿತು ಓದು.

ನಿನ್ನ ಪತ್ರ ತಲುಪಿದ ದಿನ ಸಂಜೆ, ಹಲಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಕೀಬೋರ್ಡನ್ನೂ ಮೌಸನ್ನೂ ಮುಂದಿಟ್ಟುಕೊಂಡು ಕುಳಿತೆ. ಮೊದಲು ನನ್ನ ಹೆಸರನ್ನು ಅರ್ಜಿದಾರರ ಜಾಗದಲ್ಲಿ ಬರೆದೆ. ಏನು ಬೇಕೆಂಬುದನ್ನು ಬರೆಯಲು ಒಂದೇ ಸಾಲು ಸಾಕಾಯಿತು. ಕಾರಣದ ಜಾಗಕ್ಕೆ ಬಂದು ನಿಂತೆ. ನಿನ್ನ ತಾಯಿ ಎದುರಿಗೆ ಕುಳಿತು ಗುಂಡಿಗಳನ್ನು ಕಾರ್ಡಿಗೆ ಹೊಲಿಯುತ್ತಿದ್ದಳು.

"ಯಾಕೆ ಹೋಗಬೇಕು ನಾನು ಅಲ್ಲಿಗೆ?" ಎಂದು ಅವಳನ್ನು ಕೇಳಿದೆ.

"ನನ್ನ ಕೇಳ್ತೀಯಲ್ಲ! ಬೆಳಗಾದ್ರೆ ತಲೆ ಬಾಚ್ಕೊಂಡು ಓಡ್ತೀಯ, ಸಾಯಂಕಾಲ ಬಂದು ಇವತ್ತು ಅವನ ಅರ್ಜಿ ಹಾಗೆ ಬರೆದೆ, ಇವಳ ಅರ್ಜಿ ಹೀಗೆ ಬರೆದೆ ಅಂತ ನನ್ನ ಕಿವಿ ತೂತು ಮಾಡ್ತೀಯ. ರಜದ ದಿನ ಮುಖ ಊದಿಸ್ಕೊಂಡಿರ್ತೀಯ. ಯಾಕೆ ಅಂತ ಬೇರೆ ಕೇಳ್ತಾಳೆ," ಎಂದಳು. ತಲೆಯನ್ನೂ ಎತ್ತಲಿಲ್ಲ.

ನಾನು ಬರೆಯತೊಡಗಿದೆ. "ಈ ಕೆಲಸ ನನಗೆ" ಎಂದು ಬರೆದು, ಮುಂದಿನ ಪದವನ್ನು ಒತ್ತಿ, ತಲೆಯೆತ್ತಿ ನೋಡಿದರೆ, ಗಾಜಿನ ಮೇಲೆ "ಈ ಕೆಲಸ ನನಗೆ ಕಷ್ಟ" ಎಂದು ಮೂಡಿತ್ತು.

ನಾನು ಹೇಳಹೊರಟದ್ದು ಅದಲ್ಲ. ಆದರೆ ನನ್ನ ಬೆರಳುಗಳು ಇಷ್ಟು ವರ್ಷ ಅರ್ಜಿಗಳಲ್ಲಿ ಬರೆದದ್ದು ಕಷ್ಟವನ್ನೇ. ತುಂಬಾ ಕಷ್ಟ, ಜೀವನ ಕಷ್ಟ, ಕಷ್ಟದ ಪರಿಸ್ಥಿತಿ. ನಾನು ಬರೆಯಬೇಕೆಂದಿದ್ದ ಪದವನ್ನು ಅವು ಯಾವ ಅರ್ಜಿಯಲ್ಲೂ ಒತ್ತಿರಲಿಲ್ಲ. ಹೀಗಾಗಿ ತಮಗೆ ಗೊತ್ತಿದ್ದುದನ್ನೇ ಒತ್ತಿದವು.

ಟೈಪ್‌ರೈಟರಾಗಿದ್ದರೆ ಆ ಹಾಳೆ ಹಾಳಾಗುತ್ತಿತ್ತು. ನಾನು ಮೌಸನ್ನು ಮೆಲ್ಲಗೆ ಸರಿಸಿದೆ. ದುಂಡಗಿದ್ದ ಚುಕ್ಕೆ ಅಕ್ಷರಗಳ ಹತ್ತಿರ ಬಂದೊಡನೆ ತೆಳ್ಳಗಿನ ಗೆರೆಯಾಯಿತು. ಗೆರೆಯನ್ನು ಒಯ್ದು 'ಕ'ದ ಪಕ್ಕದಲ್ಲಿ ನಿಲ್ಲಿಸಿ ಒತ್ತಿದೆ. 'ಕ'ವನ್ನು ಅಳಿಸಿದೆ. ಉಳಿದದ್ದು ಅರ್ಥವಿಲ್ಲದ ಒಂದು ಒತ್ತಕ್ಷರ. ಅದರ ಮುಂದೆ 'ಇ' ಎಂದು ಒತ್ತಿದೆ.

ನಿನ್ನ ತಾಯಿಗೆ ತೋರಿಸಿದೆ. ಓದಿ, ಹೊಲಿಯುತ್ತಿದ್ದ ದಾರವನ್ನು ಹಲ್ಲಿನಿಂದ ಕಡಿದು, "ಇಷ್ಟೇನಾ? ಇದಕ್ಕೆ ಇಷ್ಟು ದಿನಾನಾ?" ಎಂದಳು. ಆಮೇಲೆ ಎದ್ದು ಹೋಗಿ, ನನ್ನ ಒಳ್ಳೆಯ ಸೀರೆಯನ್ನು ಇಸ್ತ್ರಿ ಮಾಡಿಟ್ಟಳು.

ಮರುದಿನ ಅದರ ಅಚ್ಚು ತೆಗೆಸಿ, ಸಾಲಿನಲ್ಲಿ ನಿಂತೆ. ಬರಹಗಾರರು ಪಕ್ಕದ ಬಾಗಿಲಿನಿಂದ ನೇರವಾಗಿ ಒಳಗೆ ಹೋಗಬಹುದು. ನಾನು ಹೋಗಲಿಲ್ಲ. ಕೌಂಟರಿನವಳು ಹಾಳೆ ತೆಗೆದುಕೊಂಡು, ಹೆಸರನ್ನು ನೋಡಿ, ನನ್ನ ಮುಖ ನೋಡಿ, ಕೈಯಲ್ಲಿದ್ದ ಮೊಹರನ್ನು ಕೆಳಗಿಟ್ಟಳು.

"ಅಮ್ಮಾ, ಆವತ್ತಿನದೂ ನಿಮ್ಮದೇನಾ?"

"ಆವತ್ತಿನದು ಯಾರದೋ. ಇದು ನನ್ನದು," ಎಂದೆ.

ಅವಳೇ ಎದ್ದು ನನ್ನನ್ನು ಅಧಿಕಾರಿಯ ಕೋಣೆಗೆ ಕರೆದುಕೊಂಡು ಹೋದಳು. ಅಧಿಕಾರಿ ನಿನಗಿಂತ ಸ್ವಲ್ಪ ದೊಡ್ಡವರಿರಬಹುದು. ಅರ್ಜಿಯನ್ನು ಒಮ್ಮೆ ಓದಿದರು. ಹಿಂದೆ ಇನ್ನೂ ಪುಟವಿದೆಯೇ ಎಂದು ತಿರುಗಿಸಿ ನೋಡಿದರು.

"ವಯಸ್ಸು, ಅನಾರೋಗ್ಯ, ಅಂಗವೈಕಲ್ಯ ಅಂತ ಕಾರಣಗಳಿವೆ ಅಮ್ಮಾ. ಯಾವುದಾದರೂ ಒಂದು ಹಾಕ್ಕೊಡಿ, ಸಲೀಸಾಗುತ್ತೆ. ಇಷ್ಟ ಅನ್ನೋದನ್ನ ನಾನು ಎಲ್ಲಿ ಸೇರಿಸಲಿ?"

ಹಳೆಯ ಅಭ್ಯಾಸ ನಾಲಿಗೆಯ ತುದಿಗೆ ಬಂದಿತ್ತು. ದೀನಸ್ಥಿತಿಯೊಂದು ಸಿದ್ಧವಾಗಿಯೇ ಇತ್ತು. ನಾನು ಅದನ್ನು ನುಂಗಿಕೊಂಡೆ.

"ಬೆರಳು ಗಾಜಿಗೆ ತಾಗದಿದ್ದರೆ ಮೌಸ್ ಬೇಕು, ಸ್ವಾಮಿ. ಕೆಲಸ ಇಷ್ಟವಿಲ್ಲದಿದ್ದರೆ ಮೌಸೇ ಬೇಡ. ಹಾಗಾಗಿ ಕಾರಣ ಅದೊಂದೇ," ಎಂದೆ.

ಅವರು ಪೆನ್ನಿನ ತುದಿಯನ್ನು ಕಚ್ಚಿದರು. ಆಮೇಲೆ ಕೌಂಟರಿನವಳ ಕಡೆ ತಿರುಗಿ, "ನೀವು ಇಲ್ಲಿ ಯಾಕೆ ಕೆಲಸ ಮಾಡ್ತೀರಿ ಅಂತ ಯಾರಾದರೂ ಕೇಳಿದ್ದಾರಾ?" ಎಂದರು. ಅವಳು ಇಲ್ಲವೆಂದಳು. "ನನ್ನನ್ನೂ ಕೇಳಿಲ್ಲ," ಎಂದು ಬರೆಯಲು ತೊಡಗಿದರು.

ಪರೀಕ್ಷೆಯ ವಿವರವನ್ನು ದೀರ್ಘವಾಗಿ ಬರೆಯುವುದಿಲ್ಲ. ಉಳಿದವರು ಬೆರಳಿನಿಂದ ಗಾಜನ್ನು ಸವರುತ್ತಿದ್ದಾಗ, ಇಡೀ ಕೋಣೆಯಲ್ಲಿ ಕೀಲಿಗಳ ಸದ್ದು ನನ್ನದೊಂದೇ ಇತ್ತು. ಮೇಲ್ವಿಚಾರಕರು ಎರಡು ಸಲ ಬಂದು ನನ್ನ ಹಿಂದೆ ನಿಂತು ಹೋದರು.

ಅಧಿಕಾರಿಗಳ ಆದೇಶವನ್ನು ನಿನ್ನ ತಾಯಿ ಅಂಗಡಿಯ ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ಓದಿ ಹೇಳುತ್ತಿದ್ದಾಳೆ. ನಿನಗಾಗಿ ನಾನೇ ನಕಲು ಮಾಡಿ ಕಳುಹಿಸುತ್ತಿದ್ದೇನೆ. ನಕಲು ಮಾಡುವಾಗ ಇತರರ ಒಕ್ಕಣೆಯನ್ನು ಮನಸ್ಸಿನಲ್ಲಾದರೂ ತಿದ್ದುವುದು ನನ್ನ ರೂಢಿ. ಇದರಲ್ಲಿ ಒಂದಕ್ಷರವನ್ನೂ ತಿದ್ದಬೇಕೆನಿಸಲಿಲ್ಲ.

"ಅರ್ಜಿದಾರರು ಖುದ್ದಾಗಿ ಹಾಜರಿದ್ದರು. ಸದರಿ ಕೆಲಸವು ಅವರಿಗೆ ಇಷ್ಟವೆಂಬುದು ವಿಚಾರಣೆಯಿಂದ ದೃಢಪಟ್ಟಿರುವ ಕಾರಣ, ಮೌಸ್ ಮತ್ತು ಕೀಬೋರ್ಡ್ ಬಳಸಲು ಅನುಮತಿ ನೀಡಲಾಗಿದೆ."

ನಿನ್ನ,
ದೊಡ್ಡಮ್ಮ